ಪಾಚಿಯನ್ನು ಮೇಯುವವರು ಯಾರು?

ಮಾನ್ಯ ಶ್ರೋತೃಗಳೇ, ನಮಸ್ಕಾರ. ಸೂರ್ಯನ ನೇರಳಾತೀತ ಕಿರಣಗಳು ಕೆರೆ, ಹೊಳೆ, ಸರೋವರಗಳ ಸೂಕ್ಷ್ಮಜೀವಿಗಳಿಗೆ ಒಳ್ಳೆಯವೋ ಕೆಟ್ಟವೋ ಎಂದು ವಿಚಾರಿಸುವವರು ಒಂದೇ ಪದದ ಉತ್ತರವನ್ನು ಬಯಸುತ್ತಾರೆ. ಅದನ್ನು ಕೊಡಲು ನಾನು ಸಿದ್ಧನಿಲ್ಲ. ಒಂದು ಜೀವಿಯನ್ನಷ್ಟೇ ನೋಡಿ ತೀರ್ಪು ಹೇಳಬಾರದು, ಅದನ್ನು ತಿನ್ನುವವರು ಯಾರೆಂಬುದನ್ನೂ ನೋಡಬೇಕು. ನಾನು ಹೇಳಬಂದಿರುವುದು ಇಷ್ಟೇ.

ಜೀವಕೋಶಕ್ಕೆ ಹಾನಿಯಾಗುವುದು ನಿಜ. ನೇರಳಾತೀತ ಕಿರಣಗಳಲ್ಲಿ 280ರಿಂದ 315 ನ್ಯಾನೋಮೀಟರ್ ತರಂಗಾಂತರದ, ಯುವಿ-ಬಿ ಎಂದು ಕರೆಯುವ ಕಿರಣಗಳು ಡಿಎನ್‌ಎಯಲ್ಲಿ ಅಕ್ಕಪಕ್ಕದ ಎರಡು ಥೈಮಿನ್ ಘಟಕಗಳನ್ನು ಒಂದಕ್ಕೊಂದು ಬೆಸೆದುಬಿಡುತ್ತವೆ. ಆ ಬೆಸುಗೆಯನ್ನು ಬಿಡಿಸುವ ಕಿಣ್ವವೊಂದು ಅನೇಕ ಬ್ಯಾಕ್ಟೀರಿಯಗಳಲ್ಲಿದೆ. ಸ್ವಾರಸ್ಯವೆಂದರೆ, ಅದು ಕೆಲಸ ಮಾಡುವುದೂ ಅದೇ ಬಿಸಿಲಿನಲ್ಲಿರುವ ನೀಲಿ ಬೆಳಕು ಮತ್ತು ಯುವಿ-ಎ, ಅಂದರೆ ಯುವಿ-ಬಿಗಿಂತ ಉದ್ದ ತರಂಗಾಂತರದ ನೇರಳಾತೀತ ಕಿರಣ, ಇವುಗಳ ಬಲದಿಂದ.

ಈಗ ನನಗೆ ಬಹು ಪ್ರಿಯವಾದ ಪ್ರಯೋಗಕ್ಕೆ ಬರುತ್ತೇನೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಮ್ಯಾಕ್ಸ್ ಬಾತ್‌ವೆಲ್ ಮತ್ತು ಸಂಗಡಿಗರು ಸೌತ್ ಥಾಂಪ್ಸನ್ ನದಿಯ ನೀರನ್ನು ಆಳವಿಲ್ಲದ ಕಾಲುವೆಗಳಲ್ಲಿ ಹರಿಸಿ, ಕೆಲವಕ್ಕೆ ನೇರಳಾತೀತ ಕಿರಣಗಳನ್ನು ತಡೆಯುವ ಹೊದಿಕೆ ಹಾಕಿ, ಉಳಿದವನ್ನು ಪೂರ್ಣ ಬಿಸಿಲಿಗೆ ಒಡ್ಡಿ, ತಳದಲ್ಲಿ ಬೆಳೆಯುವ ಪಾಚಿಯನ್ನು ಅಳೆಯುತ್ತ ಹೋದರು. ಮೊದಲ ಕೆಲವು ವಾರ, ಎಲ್ಲರೂ ಎಣಿಸಿದಂತೆಯೇ, ಕಿರಣ ಬಿದ್ದ ಕಾಲುವೆಗಳಲ್ಲಿ ಪಾಚಿ ಸೊರಗಿತು. ಅಲ್ಲಿಗೇ ಪ್ರಯೋಗ ನಿಲ್ಲಿಸಿದ್ದರೆ ಕಿರಣ ಪಾಚಿಗೆ ಮಾರಕವೆಂದು ಬರೆದು ಮುಗಿಸಬಹುದಿತ್ತು, ಎಷ್ಟೋ ಪ್ರಯೋಗಗಳು ಹಾಗೆಯೇ ಮುಗಿಯುತ್ತವೆ ಕೂಡ. ಇವರು ನಿಲ್ಲಿಸಲಿಲ್ಲ. ಮುಂದಿನ ವಾರಗಳಲ್ಲಿ ಲೆಕ್ಕ ತಲೆಕೆಳಗಾಯಿತು: ಕಿರಣ ಬಿದ್ದ ಕಡೆಯೇ ಪಾಚಿ ದಟ್ಟವಾಯಿತು! ಪಾಚಿಯನ್ನು ಮೇಯುವ ಕೈರೊನೊಮಿಡ್ ಎಂಬ ಪುಟ್ಟ ಕೀಟದ ಮರಿಗಳು ಪಾಚಿಗಿಂತಲೂ ಹೆಚ್ಚಾಗಿ ಕಿರಣಕ್ಕೆ ನಲುಗಿದ್ದವು. ಮೇಯುವ ಬಾಯಿ ಕಡಿಮೆಯಾದದ್ದರಿಂದ ಪಾಚಿ ಹೆಚ್ಚಿತು. 1994ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಓದಿದ ಮೇಲೂ ಗಾಜಿನ ಪಾತ್ರೆಯಲ್ಲಿ ಒಂದೇ ಜಾತಿಯ ಪಾಚಿಯನ್ನಿಟ್ಟು ಇಡೀ ಹೊಳೆಯ ಭವಿಷ್ಯ ನುಡಿಯುವವರನ್ನು ಕಂಡರೆ ನನಗೆ ತಾಳ್ಮೆ ಉಳಿಯುವುದಿಲ್ಲ.

ಸಮಯ ಮೀರುತ್ತಿರುವುದರಿಂದ ನೀರಿನ ಬಣ್ಣದ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಕೊಳೆತ ಎಲೆ, ಮಣ್ಣುಗಳಿಂದ ಕರಗಿ ಬಂದ ಕಂದು ಸಾವಯವ ವಸ್ತು ಯುವಿ-ಬಿಯನ್ನು ಮೇಲ್ಪದರದಲ್ಲೇ ಹೀರಿಕೊಳ್ಳುತ್ತದೆ. ತಿಳಿನೀರಿನ ಪರ್ವತ ಸರೋವರಗಳಲ್ಲಾದರೋ ಅದು ಹಲವು ಮೀಟರ್ ಆಳಕ್ಕಿಳಿಯುತ್ತದೆ. ಅಂಥ ಕಡೆ ಡಾಫ್ನಿಯಾ ಎಂಬ ನೀರಚಿಗಟ ಹಗಲೆಲ್ಲ ಕೆಳಗೆ ಅಡಗಿದ್ದು, ಕತ್ತಲಾದ ಮೇಲೆ ಪಾಚಿ ಮೇಯಲು ಮೇಲೇರಬಹುದು. ನಡುಹಗಲಲ್ಲಿ ಮೇಲಿನ ನೀರನ್ನಷ್ಟೇ ಮೊಗೆದು ನೋಡಿದವರಿಗೆ ಮೇಯುವವರೇ ಇಲ್ಲವೆಂದು ತೋರುತ್ತದೆ. ವಂದನೆಗಳು.