ನೇಪಲ್ಸ್‌ನ ಪರದೇಶಿಗಳು: ಇಂಗ್ಲಿಷ್ ಎಲ್ಲಿಯವರೆಗೆ ನಡೆಯುತ್ತದೆ?

[ದೃಶ್ಯ: ಇಳಿಜಾರಿನ ಕಿರಿದಾದ ಓಣಿ. ಎರಡೂ ಬದಿ ಸ್ಕೂಟರುಗಳು, ತಲೆಯ ಮೇಲೆ ಒಣಹಾಕಿದ ಬಟ್ಟೆಗಳ ಸಾಲು.]

ಇಟಲಿಯಲ್ಲಿ ಕಾರು ಓಡಿಸುವ ಪರವಾನಗಿ ಬೇಕೆಂದರೆ ಮೊದಲು ಒಂದು ಲಿಖಿತ ಪರೀಕ್ಷೆ ಇದೆ. 30 ಹೇಳಿಕೆಗಳು, 20 ನಿಮಿಷ. ಪ್ರತಿಯೊಂದೂ ಸರಿಯೋ ತಪ್ಪೋ ಗುರುತು ಹಾಕಬೇಕು. ಮೂರು ತಪ್ಪಿನವರೆಗೆ ಮಾಫಿ, ನಾಲ್ಕಾದರೆ ನಪಾಸು. ಈ ಪರೀಕ್ಷೆಯನ್ನು ಇಟಾಲಿಯನ್‌ನಲ್ಲಿ ಬರೆಯಬಹುದು. ಫ್ರೆಂಚ್ ಅಥವಾ ಜರ್ಮನ್‌ನಲ್ಲೂ ಬರೆಯಬಹುದು, ಏಕೆಂದರೆ ದೇಶದ ಉತ್ತರ ಗಡಿಯಲ್ಲಿ ಆ ಭಾಷೆಗಳನ್ನು ಆಡುವ ಇಟಲಿಯ ಪ್ರಜೆಗಳೇ ಇದ್ದಾರೆ. ಇಂಗ್ಲಿಷಿನಲ್ಲಿ ಬರೆಯುವಂತಿಲ್ಲ.

ಐರೋಪ್ಯ ಒಕ್ಕೂಟದ ಹೊರಗಿನಿಂದ ಬಂದವರು ನಿವಾಸಿಯಾಗಿ ಹೆಸರು ದಾಖಲಾದ ಒಂದು ವರ್ಷದವರೆಗೆ ತಮ್ಮ ಊರಿನ ಪರವಾನಗಿಯಲ್ಲೇ ಓಡಿಸಬಹುದು. ಆಮೇಲೆ? ಬ್ರಿಟನ್ನಿನವರು 2023ರ ಒಪ್ಪಂದದಿಂದಾಗಿ ತಮ್ಮ ಪರವಾನಗಿಯನ್ನು ಇಟಲಿಯದಕ್ಕೆ ಬದಲಾಯಿಸಿಕೊಂಡು ಬಚಾವಾದರು. ಅಮೆರಿಕದ ಜೊತೆ ಅಂಥ ಒಪ್ಪಂದವಿಲ್ಲ, ಭಾರತದ ಜೊತೆಯೂ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ 30 ವರ್ಷ ಕಾರು ಓಡಿಸಿದವರು, ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನನ್ನು ದಿನಕ್ಕೆರಡು ಬಾರಿ ದಾಟಿದವರು, ಇಬ್ಬರೂ ಹದಿನೆಂಟರ ಹುಡುಗರ ಪಕ್ಕ ಕುಳಿತು ಇಟಾಲಿಯನ್ ವ್ಯಾಕರಣದ ಗಂಟು ಬಿಡಿಸಬೇಕು.

[ದೃಶ್ಯ: ನಿರೂಪಕ ಕ್ಯಾಮೆರಾದ ಎದುರು.]

ಇಂದಿನ ವಿಡಿಯೋ ದಕ್ಷಿಣ ಇಟಲಿಯ ದೊಡ್ಡ ನಗರ ನೇಪಲ್ಸ್ ಬಗ್ಗೆ. ಪಿಜ್ಜಾ ಬಗ್ಗೆ ಅಲ್ಲ. ಅದಕ್ಕೆ ಬೇರೆ ಸಾವಿರ ವಿಡಿಯೋಗಳಿವೆ. ಕೈಯಲ್ಲಿ ಇಂಗ್ಲಿಷ್ ಒಂದನ್ನೇ ಹಿಡಿದು ಅಲ್ಲಿ ಮನೆ ಮಾಡಿದವರ ಪಾಡೇನು ಎಂಬುದು ವಿಷಯ. ಇಂಥವರನ್ನು ಇಂಗ್ಲಿಷಿನವರು ಎಕ್ಸ್‌ಪ್ಯಾಟ್ ಎಂದು ಗೌರವದಿಂದ ಕರೆದುಕೊಳ್ಳುತ್ತಾರೆ. ನಮ್ಮಲ್ಲಿರುವ ಪದ ಪರದೇಶಿ. ಅದಕ್ಕೆ ಬೇರೆ ದೇಶದವನು ಎಂಬ ಅರ್ಥ ಹೆಸರಿಗಷ್ಟೇ. ಹಿಂದೆ ಮುಂದೆ ಯಾರೂ ಇಲ್ಲದವನು ಎಂದೇ ನಾವು ಬಳಸುವುದು. ನೇಪಲ್ಸ್‌ಗೆ ಈ ಎರಡನೆಯ ಅರ್ಥವೇ ಹೆಚ್ಚು ಹೊಂದುತ್ತದೆ ಎಂದು ನನ್ನ ಅಭಿಪ್ರಾಯ.

ಹಾಗೆಂದು ಇಂಗ್ಲಿಷ್ ಅಲ್ಲಿಗೆ ಹೊಸದಲ್ಲ. 1764ರಿಂದ 1800ರವರೆಗೆ ವಿಲಿಯಂ ಹ್ಯಾಮಿಲ್ಟನ್ ಅಲ್ಲಿ ಬ್ರಿಟಿಷ್ ರಾಯಭಾರಿಯಾಗಿದ್ದರು. ವೆಸೂವಿಯಸ್ ಜ್ವಾಲಾಮುಖಿಯನ್ನು ಮತ್ತೆ ಮತ್ತೆ ಹತ್ತಿ ಅದರ ಬಗ್ಗೆ ಲಂಡನ್ನಿಗೆ ಬರೆದವರು. ಅದೇ ಕಾಲದಲ್ಲಿ ಇಂಗ್ಲಿಷ್ ಮನೆತನದ ಜಾನ್ ಆಕ್ಟನ್ ನೇಪಲ್ಸ್ ರಾಜನ ಪ್ರಧಾನಮಂತ್ರಿಯೇ ಆಗಿದ್ದರು. ಕಿಯಾಯಾ ಬಡಾವಣೆಯಲ್ಲಿರುವ ಆಂಗ್ಲಿಕನ್ ಚರ್ಚಿನ ಜಾಗ 1860ರಲ್ಲಿ, ಇಟಲಿಯನ್ನು ಒಂದುಗೂಡಿಸಲು ಹೋರಾಡಿದ ಸೇನಾನಿ ಗ್ಯಾರಿಬಾಲ್ಡಿ ಕೊಟ್ಟದ್ದು.

ಆದರೆ ಇಂದಿನ ಕಥೆ ಶುರುವಾಗುವುದು 1943ರ ಅಕ್ಟೋಬರ್ 1ರಂದು, ಎರಡನೇ ಮಹಾಯುದ್ಧದ ಮಿತ್ರಪಡೆಗಳು ನಗರದೊಳಗೆ ಬಂದಾಗ. ಮರುವರ್ಷ ಮಾರ್ಚ್‌ನಲ್ಲಿ ವೆಸೂವಿಯಸ್ ಸಿಡಿದು, ಬುಡದಲ್ಲಿ ಸಾಲಾಗಿ ನಿಲ್ಲಿಸಿದ್ದ ಅಮೆರಿಕದ ಹತ್ತಾರು ಬಾಂಬರ್ ವಿಮಾನಗಳನ್ನು ಬೂದಿಯಲ್ಲಿ ಹಾಳುಮಾಡಿತು. ಅಮೆರಿಕನ್ನರು ಮಾತ್ರ ಜಾಗ ಖಾಲಿ ಮಾಡಲಿಲ್ಲ. ಅವರ ನೌಕಾಪಡೆಯ ಆರನೇ ದಂಡಿನ ಮುಖ್ಯ ಕಚೇರಿ ಈಗಲೂ ವಿಮಾನ ನಿಲ್ದಾಣದ ಪಕ್ಕದ ಕಾಪೊದಿಕೀನೊದಲ್ಲಿದೆ. ನ್ಯಾಟೊದ ದೊಡ್ಡ ಕಚೇರಿ ಮೊದಲು ಬಾಞೋಲಿಯಲ್ಲಿತ್ತು, ಈಗ ನಗರದಾಚೆ ಲಾಗೊ ಪಾತ್ರಿಯಾದಲ್ಲಿದೆ. ಗ್ರಿಚಿಞಾನೊ ಎಂಬಲ್ಲಿ ಬೇಲಿಯೊಳಗೆ ಅಮೆರಿಕದ್ದೇ ಒಂದು ಪುಟ್ಟ ಊರು: ಅವರದೇ ಶಾಲೆ, ಅವರದೇ ಆಸ್ಪತ್ರೆ, ಡಾಲರಿನಲ್ಲಿ ವ್ಯಾಪಾರ ಮಾಡುವ ಅಂಗಡಿ. ಚಾಲನಾ ಪರವಾನಗಿಯೂ ಬೇರೆ, ಅದರ ಪರೀಕ್ಷೆ ಇಂಗ್ಲಿಷಿನಲ್ಲೇ.

ನೇಪಲ್ಸ್‌ನಲ್ಲಿ ಇಂಗ್ಲಿಷ್ ಮಾತನಾಡುವವರು ಬೇಕಾದಷ್ಟು ಜನ ಇದ್ದಾರೆ ಎಂದು ಯಾರಾದರೂ ಹೇಳಿದರೆ ಕೇಳಿ: ಬೇಲಿಯ ಒಳಗೋ ಹೊರಗೋ? ಒಳಗಿರುವವರು ಎರಡು ಮೂರು ವರ್ಷಕ್ಕೆ ಗಂಟುಮೂಟೆ ಕಟ್ಟುತ್ತಾರೆ. ಅವರೊಡನೆ ಮಾಡಿದ ಗೆಳೆತನ ವರ್ಗಾವಣೆಯ ಆದೇಶದ ಜೊತೆಗೇ ಮುಗಿಯುತ್ತದೆ.

[ದೃಶ್ಯ: ಅಂಚೆ ಕಚೇರಿ. ಟೋಕನ್ ಯಂತ್ರ, ಗೋಡೆಯ ಮೇಲೆ ಬದಲಾಗುವ ಸಂಖ್ಯೆಗಳು.]

ಬೇಲಿಯ ಹೊರಗಿರುವವರಿಗೆ ಕಾಗದಪತ್ರ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎನ್ನುತ್ತೇವಲ್ಲ, ಹಾಗೆ ಇಲ್ಲಿ ಬಂದವರೆಲ್ಲ ಅಂಚೆ ಕಚೇರಿಗೆ ಬಂದೇ ಬರುತ್ತಾರೆ. ಐರೋಪ್ಯ ಒಕ್ಕೂಟದ ಹೊರಗಿನವರು ದೀರ್ಘಾವಧಿ ವೀಸಾದಲ್ಲಿ ಬಂದರೆ, ಎಂಟು ಕೆಲಸದ ದಿನಗಳೊಳಗೆ ವಾಸದ ಪರವಾನಗಿಗೆ, ಅಂದರೆ ಪೆರ್ಮೆಸ್ಸೊ ದಿ ಸೊಜ್ಜೋರ್ನೊಗೆ, ಅರ್ಜಿ ಹಾಕಬೇಕು. 2021ರಿಂದ ಹೊಸದಾಗಿ ಬರುವ ಬ್ರಿಟಿಷರೂ ಇದೇ ಸಾಲಿನಲ್ಲಿ. ಅಂಚೆ ಕಚೇರಿಯಲ್ಲಿ ಒಂದು ದಪ್ಪ ಲಕೋಟೆ ಕೊಡುತ್ತಾರೆ. ಅದನ್ನು ತುಂಬಿ ಅಲ್ಲೇ ಒಪ್ಪಿಸಬೇಕು. ಒಂದು ವರ್ಷದ ಪರವಾನಗಿಗೆ 40 ಯೂರೋ ಶುಲ್ಕ, ಕಾರ್ಡಿಗೆ 30.46, ಅಂಚೆಗೆ 30, ಜೊತೆಗೆ 16 ಯೂರೋ ಸ್ಟಾಂಪು. ಈ ಸರ್ಕಾರಿ ಸ್ಟಾಂಪು ಸಿಗುವುದು ಸಿಗರೇಟು ಮಾರುವ ಅಂಗಡಿಯಲ್ಲಿ! ಕಡುಬಣ್ಣದ ಫಲಕದ ಮೇಲೆ ದೊಡ್ಡ ಬಿಳಿ ‘ಟಿ’ ಅಕ್ಷರ ಕಂಡರೆ ಅದೇ.

ಆಮೇಲೆ ಪೊಲೀಸ್ ಕಚೇರಿಯಲ್ಲಿ ಬೆರಳಚ್ಚು, ಆಮೇಲೆ ಕಾಯುವುದು. ಕಾರ್ಡ್ ಬರಲು ತಿಂಗಳುಗಳೇ ಹಿಡಿಯಬಹುದು. ಅಲ್ಲಿಯವರೆಗೆ ಅಂಚೆಯವರು ಕೊಟ್ಟ ರಸೀದಿಯೇ ದೇವರು, ಅದನ್ನು ಜೋಪಾನವಾಗಿಡಿ. ಅರ್ಜಿ ತುಂಬಲು ಗೊತ್ತಾಗದಿದ್ದರೆ ಪತ್ರೊನಾತೊ ಎಂಬ ನೆರವಿನ ಕಚೇರಿಗಳಿವೆ. ಬಹುಪಾಲು ಕಾರ್ಮಿಕ ಸಂಘಗಳಿಗೆ ಸೇರಿದವು. ಏಜೆಂಟರಿಗೆ ನೂರಾರು ಯೂರೋ ಸುರಿಯುವ ಮೊದಲು ಅಲ್ಲಿಗೆ ಹೋಗಿ.

ಇನ್ನೊಂದು, ಕೋದಿಚೆ ಫಿಸ್ಕಾಲೆ. ನಮ್ಮ ಪ್ಯಾನ್ ಇದ್ದಂತೆ, ಆದರೆ ನಿಮ್ಮ ಜಾತಕವೇ ಅದರಲ್ಲಿದೆ. ಒಟ್ಟು 16 ಅಕ್ಷರ ಮತ್ತು ಅಂಕಿ: ಕುಲನಾಮದಿಂದ ಮೂರು, ಹೆಸರಿನಿಂದ ಮೂರು, ಹುಟ್ಟಿದ ವರ್ಷ, ತಿಂಗಳಿಗೊಂದು ಅಕ್ಷರ, ತಾರೀಖು, ಹುಟ್ಟಿದ ಸ್ಥಳ, ಕೊನೆಗೊಂದು ತಾಳೆಯ ಅಕ್ಷರ. ಹೆಂಗಸಾದರೆ ತಾರೀಖಿಗೆ 40 ಕೂಡಿಸುತ್ತಾರೆ. 5ರಂದು ಹುಟ್ಟಿದವರು 45 ಆಗುತ್ತಾರೆ. ಭಾರತದಲ್ಲಿ ಹುಟ್ಟಿದವರೆಲ್ಲರಿಗೂ ಜ಼ೆಡ್ 222. ಪಾಸ್‌ಪೋರ್ಟಿನಲ್ಲಿ ಕುಲನಾಮದ ಜಾಗ ಖಾಲಿ ಬಿಟ್ಟುಕೊಂಡ ನಮ್ಮವರು ಹೊರಡುವ ಮೊದಲೇ ಅದನ್ನು ಸರಿಪಡಿಸಿಕೊಳ್ಳುವುದು ಜಾಣತನ.

ಆಸ್ಪತ್ರೆಯ ವಿಚಾರ ಚುಟುಕಾಗಿ ಹೇಳುತ್ತೇನೆ. ಉದ್ಯೋಗದ ಪರವಾನಗಿ ಇದ್ದರೆ ಸರ್ಕಾರಿ ಆರೋಗ್ಯ ವ್ಯವಸ್ಥೆಗೆ ಹಣ ಕಟ್ಟದೆಯೇ ಹೆಸರು ನೋಂದಾಯಿಸಬಹುದು. ಪಿಂಚಣಿಯಲ್ಲಿ ಬದುಕಲು ಬಂದವರು ಹಣ ಕಟ್ಟಿ ಸೇರಬೇಕು: 2024ರಿಂದ ವರ್ಷಕ್ಕೆ ಕನಿಷ್ಠ 2,000 ಯೂರೋ. ವಿದ್ಯಾರ್ಥಿಗಳಿಗೆ 700. ಲೆಕ್ಕ ಜನವರಿಯಿಂದ ಡಿಸೆಂಬರ್‌ಗೆ. ಅಕ್ಟೋಬರಿನಲ್ಲಿ ಸೇರಿದರೂ ರಿಯಾಯಿತಿ ಇಲ್ಲ.

[ದೃಶ್ಯ: ಹಳೆಯ ಕಟ್ಟಡದ ಬಾಗಿಲು, ಹಿತ್ತಾಳೆಯ ಕರೆಗಂಟೆಗಳ ಫಲಕ.]

ಮನೆ ಹಿಡಿಯುವಾಗ ಬಾಡಿಗೆ ಕರಾರು ತೆರಿಗೆ ಇಲಾಖೆಯಲ್ಲಿ ನೋಂದಣಿಯಾಗಿರಲೇಬೇಕು. ‘ಕಾಗದ ಯಾಕೆ, ಸ್ವಲ್ಪ ಕಡಿಮೆ ಕೊಡಿ’ ಎನ್ನುವ ಮಾಲೀಕರು ಸಿಗುತ್ತಾರೆ. ಆ ಉಳಿತಾಯಕ್ಕೆ ಮರುಳಾದರೆ ನಿವಾಸಿಯ ದಾಖಲೆಯೂ ಇಲ್ಲ, ಪರವಾನಗಿಯ ನವೀಕರಣವೂ ಕಷ್ಟ. ನಗರಸಭೆಗೆ ಅರ್ಜಿ ಕೊಟ್ಟ ಮೇಲೆ ನೀವು ನಿಜವಾಗಿ ಅಲ್ಲಿ ಇದ್ದೀರಾ ಎಂದು ನೋಡಲು ಒಬ್ಬ ಪುರಸಭಾ ಪೊಲೀಸ್ ಹೇಳದೆ ಕೇಳದೆ ಬರುತ್ತಾನೆ. ಮೊದಲು ನೋಡುವುದು ಕರೆಗಂಟೆಯ ಪಕ್ಕ ನಿಮ್ಮ ಹೆಸರು ಇದೆಯೇ ಎಂದು. ಚೀಟಿ ಅಂಟಿಸುವುದನ್ನು ಮರೆತರೆ ಅವನ ಪಾಲಿಗೆ ನೀವು ಆ ಮನೆಯಲ್ಲಿ ಇಲ್ಲ.

ಒಳಗೆ ಹೋದ ಮೇಲೆ ಬೇರೆಯೇ ಪಾಠಗಳು. ಇಟಲಿಯ ಸಾಮಾನ್ಯ ಮನೆಗೆ ಬರುವ ವಿದ್ಯುತ್ ಸಂಪರ್ಕ 3 ಕಿಲೋವ್ಯಾಟ್. ಗೀಸರ್, ಓವನ್, ಬಟ್ಟೆ ಒಗೆಯುವ ಯಂತ್ರ ಮೂರನ್ನೂ ಒಟ್ಟಿಗೆ ಹಾಕಿದಿರೋ, ಕತ್ತಲೆ. ಮೀಟರ್ ಎಷ್ಟೋ ಕಟ್ಟಡಗಳಲ್ಲಿ ಕೆಳಗಿನ ಬಾಗಿಲ ಬಳಿ ಇರುತ್ತದೆ. ಐದನೆಯ ಮಹಡಿಯಿಂದ ಟವೆಲ್ ಸುತ್ತಿಕೊಂಡು ಇಳಿಯಬೇಕಾಗುತ್ತದೆ. ಕೆಲವು ಹಳೆಯ ಕಟ್ಟಡಗಳಲ್ಲಿ ಲಿಫ್ಟಿಗೂ ನಾಣ್ಯ ಹಾಕಬೇಕು. ಹತ್ತಿಪ್ಪತ್ತು ಸೆಂಟಿನ ಚಿಲ್ಲರೆಯನ್ನು ಬಾಗಿಲ ಬಳಿ ಬಟ್ಟಲಿನಲ್ಲಿ ಕೂಡಿಡುವುದು ನೇಪಲ್ಸ್ ಸಂಸಾರದ ಒಂದು ಭಾಗ. ಮುದುಕಿಯರಂತೂ ಇಳಿಯುವ ಗೋಜಿಗೇ ಹೋಗುವುದಿಲ್ಲ. ಬಾಲ್ಕನಿಯಿಂದ ಹಗ್ಗಕ್ಕೆ ಕಟ್ಟಿದ ಬುಟ್ಟಿ ಇಳಿಸಿ, ಕೂಗಿ ಹೇಳಿ, ತರಕಾರಿ ಏರಿಸಿಕೊಳ್ಳುತ್ತಾರೆ. ಆ ಬುಟ್ಟಿಗೆ ಪನಾರೊ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಕೂಗಿದರೆ ಬುಟ್ಟಿ ಖಾಲಿ ವಾಪಸ್ ಬರುತ್ತದೆ.

ಭಾಷೆಯ ವಿಷಯದಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ, ಅದನ್ನು ಹೇಳದೆ ಇರಲಾರೆ. ಇಂಗ್ಲಿಷಿನವರು ಪಟ್ಟದ ರಾಜನಿಗೂ ಬೀದಿಯ ನಾಯಿಗೂ ‘ಯೂ’ ಎಂಬ ಒಂದೇ ಪದ ಬಳಸುತ್ತಾರೆ. ಇಟಾಲಿಯನ್‌ನಲ್ಲಿ ಸಲಿಗೆಗೆ ‘ತು’, ಮರ್ಯಾದೆಗೆ ‘ಲೇಯಿ’. ನೇಪಲ್ಸ್‌ನ ಹಳಬರಿಗೆ ಅದೂ ಸಾಲದು. ಹಿರಿಯರನ್ನು ‘ವೋಯಿ’ ಎಂದು ಬಹುವಚನದಲ್ಲಿ ಮಾತನಾಡಿಸುತ್ತಾರೆ. ನಮ್ಮ ನೀವು ಇದ್ದ ಹಾಗೆಯೇ! ಇಂಗ್ಲಿಷಿನವರು ವರ್ಷಗಟ್ಟಲೆ ತಡವರಿಸುವ ಈ ಅಳತೆ ನಮಗೆ ಅಜ್ಜಿಯ ಮನೆಯಲ್ಲೇ ಬಂದಿರುತ್ತದೆ. ಇಲ್ಲ ಎನ್ನುವುದಕ್ಕೆ ದಕ್ಷಿಣದವರು ಗದ್ದ ಎತ್ತಿ, ತಲೆ ಹಿಂದಕ್ಕೆ ಚಿಮ್ಮಿಸಿ, ನಾಲಿಗೆ ಲೊಚಗುಟ್ಟುತ್ತಾರೆ. ಅಮೆರಿಕನ್ನರು ಇದನ್ನು ಹೌದು ಎಂದೋ ಅಸಡ್ಡೆ ಎಂದೋ ತಿಳಿದು ಕೆಡುತ್ತಾರೆ. ಲೊಚಗುಟ್ಟುವುದರ ಅರ್ಥ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಆದರೆ ಶಾಲೆಯ ಇಟಾಲಿಯನ್ ಕಲಿತು ಬಂದರೂ ಮಾರುಕಟ್ಟೆಯಲ್ಲಿ ಕಿವಿಗೆ ಬೀಳುವುದು ನೇಪಲ್ಸ್‌ನ ಸ್ವಂತ ನುಡಿ ನಾಪೊಲಿಟಾನೊ. ಪದದ ಕೊನೆಯ ಸ್ವರವನ್ನು ಅರ್ಧ ನುಂಗುತ್ತಾರೆ. ಅದನ್ನು ಮಾತನಾಡಬೇಕೆಂದಿಲ್ಲ, ಅರ್ಥವಾದರೆ ಸಾಕು. ಹತ್ತು ವರ್ಷ ಬೆಂಗಳೂರಿನಲ್ಲಿದ್ದೂ ‘ಕನ್ನಡ ಗೊತ್ತಿಲ್ಲ’ ಎಂಬೆರಡು ಪದಗಳಲ್ಲೇ ದಾಟಿಕೊಂಡವರನ್ನು ನಾವು ನೋಡಿದ್ದೇವೆ. ವೋಮೆರೊ, ಪೊಸಿಲ್ಲಿಪೊ ಕಡೆಯ ಒಳ್ಳೆಯ ಬಡಾವಣೆಗಳಲ್ಲಿ ಅವರ ಇಟಲಿಯ ಸೋದರರಿದ್ದಾರೆ.

ಹಣದ ವಿಚಾರದಲ್ಲಿ ನನಗೊಂದು ಸಂಕಟವಿದೆ. ಅಗ್ಗ, ಬಿಸಿಲು, ಸಮುದ್ರ ಎಂದು ಹೊರಗಿನವರು ಬರುವ ಇದೇ ಊರಿನಿಂದ ಅಲ್ಲಿನ ಯುವಕರು ಕೆಲಸ ಸಿಗದೆ ಮಿಲಾನ್, ಲಂಡನ್, ಜರ್ಮನಿಗೆ ಹೋಗುತ್ತಿದ್ದಾರೆ. ಸ್ಥಳೀಯ ಸಂಬಳದಲ್ಲಿ ಬದುಕುವ ಇಂಗ್ಲಿಷ್ ಶಿಕ್ಷಕರಿಗೆ ಅಗ್ಗವೇನೂ ಕಾಣುವುದಿಲ್ಲ. ಹಳೆಯ ನಗರದ ಮನೆಗಳು ಪ್ರವಾಸಿಗರ ದಿನಬಾಡಿಗೆಗೆ ತಿರುಗಿದ ಮೇಲೆ ಓಣಿಯವರಿಗೇ ಮನೆ ಸಿಗುವುದು ಕಷ್ಟವಾಗಿದೆ. ವಿದೇಶಿ ಪಿಂಚಣಿದಾರರಿಗೆ ಕೇವಲ 7 ಪ್ರತಿಶತ ತೆರಿಗೆ ಎಂದು 2019ರಿಂದ ಒಂದು ಆಮಿಷವಿದೆ, ಹತ್ತು ವರ್ಷದವರೆಗೆ. ಅದು ದಕ್ಷಿಣದ ಸಣ್ಣ ಊರುಗಳಿಗೆ ಮಾಡಿದ್ದು. ಒಂಬತ್ತು ಲಕ್ಷ ಜನರ ನೇಪಲ್ಸ್‌ಗೆ ಅನ್ವಯಿಸುವುದಿಲ್ಲ. ಇದನ್ನು ಮನೆ ಕೊಂಡ ಮೇಲೆ ತಿಳಿದುಕೊಳ್ಳಬೇಡಿ.

[ದೃಶ್ಯ: ಪೊತ್ಸುವೋಲಿಯ ರೋಮನ್ ಮಾರುಕಟ್ಟೆಯ ಮೂರು ಕಂಬಗಳು, ನಡುವೆ ಕಪ್ಪು ಪಟ್ಟಿಯಂತೆ ಸಾಲುತೂತು.]

ನಗರದ ಪಶ್ಚಿಮಕ್ಕೆ ಕಾಂಪಿ ಫ್ಲೆಗ್ರೇಯಿ. ವೆಸೂವಿಯಸ್‌ನಂತೆ ಬೆಟ್ಟವಾಗಿ ಕಾಣುವುದಿಲ್ಲ. ಜ್ವಾಲಾಮುಖಿಯ ಬಾಯಿಯ ಒಳಗೇ ಊರುಗಳಿವೆ. ನೆಲ ಉಸಿರಾಡುವಂತೆ ಏರುತ್ತದೆ, ಇಳಿಯುತ್ತದೆ. ಈ ಕಂಬಗಳನ್ನು ನೋಡಿ: ಆ ತೂತುಗಳು ಸಮುದ್ರದ ಚಿಪ್ಪುಜೀವಿಗಳು ಕೊರೆದದ್ದು. ಕಂಬಗಳು ಒಂದು ಕಾಲಕ್ಕೆ ಅಷ್ಟೆತ್ತರದವರೆಗೆ ನೀರಿನಲ್ಲಿದ್ದವು. 1982ರಿಂದ 1984ರೊಳಗೆ ಇಲ್ಲಿನ ಪೊತ್ಸುವೋಲಿ ಊರಿನ ನೆಲ ಸುಮಾರು 1.8 ಮೀಟರ್ ಮೇಲೆದ್ದು, ಸಾವಿರಾರು ಜನ ಮನೆ ಬಿಟ್ಟರು. 2005ರ ಆಸುಪಾಸಿನಿಂದ ಮತ್ತೆ ಏರುತ್ತಿದೆ. 2024ರ ಮೇ 20ರಂದು 4.4 ತೀವ್ರತೆಯ ಕಂಪನವಾಯಿತು. ಸಮುದ್ರ ಕಾಣುವ ಅಗ್ಗದ ಮನೆ ಸಿಕ್ಕಿತು ಎಂದು ಕುಣಿಯುವ ಮೊದಲು ಅದು ಯಾವ ಅಪಾಯ ವಲಯದಲ್ಲಿದೆ ಎಂದು ನಕ್ಷೆ ನೋಡಿ. ರಾತ್ರಿ ಎರಡಕ್ಕೆ ಕಟ್ಟಡ ಅಲುಗಿದಾಗ ಮೆಟ್ಟಿಲಿನಲ್ಲಿ ಕೂಗುವವರು ಯಾವ ಭಾಷೆಯಲ್ಲಿ ಕೂಗುತ್ತಾರೆ ಎಂಬುದೂ ನೆನಪಿರಲಿ.

ಕೊನೆಯದಾಗಿ, ಇಂಗ್ಲಿಷ್ ವಲಯದ ಬರಹಗಳಲ್ಲಿ ಹೆಚ್ಚಾಗಿ ಕಾಣಿಸದ ಜನ. ನೇಪಲ್ಸ್‌ನ ಅತಿ ದೊಡ್ಡ ವಿದೇಶಿ ಸಮುದಾಯ ಅಮೆರಿಕದ್ದಲ್ಲ, ಬ್ರಿಟನ್ನಿನದೂ ಅಲ್ಲ, ಶ್ರೀಲಂಕಾದ್ದು. ದಶಕಗಳಿಂದ ಇಲ್ಲಿ ಮನೆಗೆಲಸ, ವೃದ್ಧರ ಆರೈಕೆ ಮಾಡುತ್ತ ನೆಲೆ ನಿಂತವರು. ಊರು ಬಿಟ್ಟು ಹೋದ ಮಕ್ಕಳ ತಾಯಂದಿರನ್ನು ನೋಡಿಕೊಳ್ಳುತ್ತಿರುವವರು ಅವರೇ. ಕರಿಬೇವು, ತೆಂಗಿನ ಹಾಲು ಬೇಕೆಂದರೆ ಅವರ ಅಂಗಡಿಗೇ ಹೋಗಬೇಕು. ಅಜ್ಜಿಯರ ಜೊತೆ ಒಂದೇ ಸೂರಿನಡಿ ಇದ್ದು ಕಲಿತದ್ದರಿಂದ ಅನೇಕರಿಗೆ ನಾಪೊಲಿಟಾನೊ ನೀರು ಕುಡಿದಷ್ಟು ಸಲೀಸು. ಕಾನೂನಿನ ಭಾಷೆಯಲ್ಲಿ ಒಕ್ಕೂಟದ ಹೊರಗಿನವರೆಲ್ಲ ಎಕ್ಸ್‌ಟ್ರಾಕೊಮುನಿತಾರಿಯೊ. ಬೀದಿಯಲ್ಲಿ ಆ ಪದ ಅಂಟುವುದು ಇವರಿಗೆ, ಅಮೆರಿಕನ್ನರಿಗಲ್ಲ.

[ದೃಶ್ಯ: ವಲಸೆ ವಿಭಾಗದ ಕಚೇರಿಯ ಹೊರಗೆ ಬೆಳಗಿನ ಸಾಲು. ಕೈಗಳಲ್ಲಿ ಒಂದೇ ಬಗೆಯ ಲಕೋಟೆ, ರಸೀದಿ.]

ಬೆರಳಚ್ಚಿನ ಸಾಲಿನಲ್ಲಿ ಮಾತ್ರ ಎಲ್ಲರೂ ಒಟ್ಟಿಗೆ ನಿಲ್ಲುತ್ತಾರೆ. ಬಾಗಿಲ ಬಳಿ ಒಬ್ಬರು ಸಂಖ್ಯೆ ಕೂಗುತ್ತಾರೆ, ಕೊನೆಯ ಸ್ವರ ನುಂಗಿ, ಒಂದೇ ಸಲ. ಟೆಕ್ಸಾಸಿನಿಂದ ಬಂದ ನಿವೃತ್ತರು ಚೀಟಿ ನೋಡುತ್ತಾರೆ, ಬಾಗಿಲು ನೋಡುತ್ತಾರೆ, ಮತ್ತೆ ಚೀಟಿ ನೋಡುತ್ತಾರೆ. ಮುಂದೆ ನಿಂತ ಶ್ರೀಲಂಕಾದ ಹೆಂಗಸು ತಿರುಗಿ, ಅವರ ಕೈಯಲ್ಲಿದ್ದ ಚೀಟಿಯನ್ನು ಓದಿ, ನಿಮ್ಮದೇ ಕರೆದದ್ದು, ಬೇಗ ಹೋಗಿ ಎಂದು ಇಂಗ್ಲಿಷಿನಲ್ಲಿ ಹೇಳುತ್ತಾರೆ.