ಯುಪಿಎಸ್ ಕೂಗುತ್ತಿದೆ, ಮಾವನ ಫೈಲ್ ಬಾಯಿ ಬಿಡುತ್ತಿಲ್ಲ

ಈ ಬೀಪ್ ಬೀಪ್ ಶಬ್ದವನ್ನು ಎಡಿಟಿಂಗ್‌ನಲ್ಲಿ ತೆಗೆಯಬಹುದಿತ್ತು. ಬೇಕಂತಲೇ ಬಿಟ್ಟಿದ್ದೇನೆ. ಇಷ್ಟು ದಿನ ನಾನೊಬ್ಬನೇ ಕೇಳಿದೆ, ನೀವೂ ಸ್ವಲ್ಪ ಕೇಳಿ.

ಮೈಸೂರು, ಸರಸ್ವತಿಪುರಂ, ಮಹಡಿ ಮೇಲಿನ ರೂಮು. ಹಳೇ ವೀಕ್ಷಕರಿಗೆ ಈ ಮೇಜು ಗೊತ್ತು. ಹೊಸಬರಿಗೆ ಹೇಳುತ್ತೇನೆ: ಮುಚ್ಚಳ ಮುಚ್ಚಿ ನಿಲ್ಲಿಸಿರುವ ಆ ಕಪ್ಪು ಲ್ಯಾಪ್‌ಟಾಪೇ ನಮ್ಮ ಮನೆಯ ಸರ್ವರ್. ಫೋಟೋ, ಹಾಡು, ಮನೆ ಲೆಕ್ಕ ಎಲ್ಲಾ ಅದರಲ್ಲೇ ಇದೆ. ಬ್ಯಾಟರಿ ಊದಿಕೊಂಡಿತ್ತು, ತೆಗೆದು ಹಾಕಿದ್ದೇನೆ. ಊದಿದ ಲಿಥಿಯಂ ಬ್ಯಾಟರಿಯನ್ನು ಹಗಲು ರಾತ್ರಿ ಚಾರ್ಜಿಗೆ ಬಿಡಬೇಡಿ, ಅದರ ಬಗ್ಗೆ ಇಷ್ಟೇ ಮಾತು. ಹಾಗಾಗಿ ಕರೆಂಟ್ ಹೋದರೆ, ಒಳಗಿನ ಬ್ಯಾಟರಿಯಿಂದ ಕರೆಂಟ್ ಕೊಡುವ ಈ ಯುಪಿಎಸ್ ಪೆಟ್ಟಿಗೆಯೇ ಗತಿ. ಈಗ ಯುಪಿಎಸ್ಸಿಗೇ ಗತಿ ಇಲ್ಲ, ಅದರ ಬ್ಯಾಟರಿ ಸತ್ತಿದೆ, ಅದಕ್ಕೇ ಈ ಕೂಗು. ಮೊದಲು ಅದನ್ನು ನೋಡೋಣ, ಆಮೇಲೆ ಮಾವನ ಹಳೇ ಕನ್ನಡ ಫೈಲುಗಳು.

ಮಳೆ ಹನಿ ಬೀಳುವ ಮುಂಚೆಯೇ ಕರೆಂಟ್ ಹೋಗುವ ಬೀದಿ ನಮ್ಮದು. ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ತಯಾರಾಯಿತು, ಇಲ್ಲೇ ಮಂಡ್ಯ ಜಿಲ್ಲೆಯಲ್ಲಿ. ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿಗೆ. ಮೈಸೂರಿಗೆ ಬರುವಾಗ 1908. ಪಕ್ಕದ ಮನೆಯ ಒಬ್ಬಟ್ಟು ಊರೆಲ್ಲಾ ಸುತ್ತಿ ನಮ್ಮ ಮನೆಗೆ ಬಂದ ಹಾಗೆ. ಇವತ್ತಿಗೂ ನಮ್ಮ ಬೀದಿಗೆ ಕೊನೆಯಲ್ಲೇ ಬರುತ್ತದೆ ಅಂತ ನನಗೊಂದು ಅನುಮಾನ. ಇರಲಿ, ಶಾಟ್ ಮುಂದೆ ಹೋಯಿತು.

ಇದು ಅಂಗಡಿ. ಒಳಗೆ ಶೂಟ್ ಮಾಡಲು ಬಿಡಲಿಲ್ಲ, ಹಾಗಾಗಿ ಹೊರಗಿನ ಟ್ರಾಫಿಕ್ ನೋಡುತ್ತಾ ಕಥೆ ಕೇಳಿ. ಹೆಸರು ಹೇಳುವುದಿಲ್ಲ. ಅವರು ಯುಪಿಎಸ್ಸನ್ನು ಕೈಯಲ್ಲಿ ಎತ್ತಿ ನೋಡಿದರು, ತೂಕ ನೋಡುವವರ ಥರ. ಬಿಚ್ಚಲಿಲ್ಲ. "ಸಾರ್, ಇದಕ್ಕೆ ಬ್ಯಾಟರಿ ಬರಲ್ಲ, ಹೊಸದು ತಗೊಳ್ಳಿ" ಅಂದರು. ಹೊಸದಕ್ಕೆ 3,400. ಹಳೆಯದನ್ನು ಅವರಿಗೇ ಕೊಟ್ಟರೆ 200 ಕಡಿಮೆ.

ಬರಲ್ಲ ಅಂದರೆ ಏನರ್ಥ? ಒಳಗಿರುವುದು ರಾಕೆಟ್ ಇಂಜಿನ್ ಏನೂ ಅಲ್ಲವಲ್ಲ. 12 ವೋಲ್ಟ್, 7 ಆಂಪಿಯರ್ ಅವರ್, ಸೀಸದ ಬ್ಯಾಟರಿ. ಕಳ್ಳರ ಅಲಾರಂ ಪೆಟ್ಟಿಗೆಯಲ್ಲಿ ಅದೇ. ಮಕ್ಕಳು ಕೂತು ಓಡಿಸುವ ಆಟದ ಜೀಪಿನಲ್ಲಿ ಅದೇ. ರೈತರು ಬೆನ್ನಿಗೆ ಹಾಕಿಕೊಂಡು ಔಷಧಿ ಹೊಡೆಯುವ ಸ್ಪ್ರೇಯರಿನಲ್ಲಿ ಅದರ ಅಣ್ಣ ತಮ್ಮಂದಿರು. ಉದ್ದ 15 ಸೆಂಟಿಮೀಟರ್, ಅಗಲ ಆರೂವರೆ. ಯಾವ ಕಂಪನಿಯದ್ದಾದರೂ ಹೆಚ್ಚು ಕಡಿಮೆ ಒಂದೇ ಅಳತೆ. ಇದಕ್ಕೆ ಬರಲ್ಲ ಅಂದರೆ ಇನ್ಯಾವುದಕ್ಕೆ ಬರುತ್ತದೆ? 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ರೈಟ್ ಟು ರಿಪೇರ್, ಅಂದರೆ ರಿಪೇರಿ ಮಾಡಿಸಿಕೊಳ್ಳುವ ಹಕ್ಕು, ಅಂತ ಒಂದು ಪೋರ್ಟಲ್ಲೇ ತೆರೆಯಿತು. ಅದು ಆ ಕೌಂಟರ್ ತನಕ ಬಂದಿಲ್ಲ.

ಅಂಗಡಿಯವರ ಕಡೆಯಿಂದ ನೋಡಿದರೆ ಅವರದ್ದೂ ಒಂದು ನ್ಯಾಯ ಇದೆ ಅನ್ನಿ. ನಾಲ್ಕು ಸ್ಕ್ರೂ ಬಿಚ್ಚಿ ಬ್ಯಾಟರಿ ಹಾಕಿಕೊಟ್ಟರೆ ಅವರಿಗೆ ಉಳಿಯುವುದು ಏನು? ಬಾಡಿಗೆ ಕಟ್ಟಬೇಕು, ಹುಡುಗನಿಗೆ ಸಂಬಳ ಕೊಡಬೇಕು. ಆದರೂ "ನಾವು ಹಾಕಲ್ಲ" ಅನ್ನಬಹುದಿತ್ತು. "ಬರಲ್ಲ" ಅಂದದ್ದಕ್ಕೇ ನನಗೆ ಮೈ ಉರಿದದ್ದು.

ಬ್ಯಾಟರಿ ಸಿಕ್ಕಿದ್ದು ಮಂಡ್ಯದಲ್ಲಿ. ಅಕ್ಕನ ಮನೆಗೆ ಹೋಗಿದ್ದೆ. ಪೇಟೆಯಲ್ಲಿ ಪಂಪು, ಪೈಪು, ಸ್ಪ್ರೇಯರ್ ಮಾರುವ ಅಂಗಡಿ. ಅವರು ಕೇಳಿದ್ದು ಒಂದೇ ಪ್ರಶ್ನೆ: "ದಿನಾ ಖಾಲಿ ಮಾಡ್ತೀರಾ, ಸುಮ್ನೆ ಇಟ್ಟಿರ್ತೀರಾ?" ಎಂಥ ಪ್ರಶ್ನೆ ನೋಡಿ! ಸ್ಪ್ರೇಯರ್ ಬ್ಯಾಟರಿ ದಿನಾ ಖಾಲಿಯಾಗಿ ತುಂಬಬೇಕು. ಯುಪಿಎಸ್ ಬ್ಯಾಟರಿ ವರ್ಷಪೂರ್ತಿ ತುಂಬಿಕೊಂಡೇ ಕೂತಿರಬೇಕು. ಎರಡಕ್ಕೂ ಬೇರೆ ಬೇರೆ ಥರದ್ದು ಒಳ್ಳೆಯದು. ಸುಮ್ಮನೆ ಇಟ್ಟಿರುವ ಥರದ್ದನ್ನೇ ತೆಗೆದುಕೊಟ್ಟರು. 980 ರೂಪಾಯಿ. ಹಳೆಯದನ್ನು ತಂದುಕೊಟ್ಟರೆ 100 ವಾಪಸ್, ಸೀಸಕ್ಕೆ ಬೆಲೆ ಇದೆಯಲ್ಲ. 3,200 ಎಲ್ಲಿ, 880 ಎಲ್ಲಿ.

ಬಿಚ್ಚುವುದು, ಹಾಕುವುದು ನೀವೇ ನೋಡಿದಿರಿ. ಕೆಂಪು ವೈರ್ ಕೆಂಪಿಗೆ. ಮಾಡುವವರು ಗೋಡೆಯ ಪ್ಲಗ್ ಮೊದಲು ಕಿತ್ತಿಡಿ, ಒಳಗಿನ ಬೋರ್ಡ್ ಮುಟ್ಟಬೇಡಿ.

ಎಷ್ಟು ಹೊತ್ತು ಬರುತ್ತದೆ? 12 ಇಂಟು 7, 84 ವಾಟ್ ಅವರ್. ಲ್ಯಾಪ್‌ಟಾಪು, ರೂಟರ್ ಸೇರಿ 25 ವಾಟ್ ಎಳೆಯುತ್ತವೆ. ಕಾಗದದ ಮೇಲೆ ಮೂರು ಗಂಟೆಗಿಂತ ಜಾಸ್ತಿ. ಆದರೆ ಆ 7 ಅನ್ನುವ ಸಂಖ್ಯೆ 20 ಗಂಟೆ ನಿಧಾನವಾಗಿ ಖಾಲಿ ಮಾಡಿದರೆ ಸಿಗುವುದು. ಬೇಗ ಎಳೆದರೆ ಅಷ್ಟು ಕೊಡುವುದಿಲ್ಲ. ಡಿಸಿಯಿಂದ ಎಸಿ ಮಾಡುವಾಗ ಇನ್ನಷ್ಟು ಶಾಖವಾಗಿ ಹೋಗುತ್ತದೆ. ಒಂದೂವರೆ ಗಂಟೆ ಬಂದರೆ ನಾನು ಖುಷಿ.

ಈ ಅಗ್ಗದ ಯುಪಿಎಸ್ಸಿಗೆ ಯುಎಸ್‌ಬಿ ಇಲ್ಲ. ಕರೆಂಟ್ ಹೋಗಿದೆ ಅಂತ ಸರ್ವರ್‌ಗೆ ಗೊತ್ತಾಗುವುದು ಹೇಗೆ? ಹಾಲ್‌ನಲ್ಲಿ ಒಂದು ಹಳೇ ರೂಟರ್ ಇದೆ, ಅದು ಯುಪಿಎಸ್ ಮೇಲೆ ಇಲ್ಲ. ಸರ್ವರ್ ನಿಮಿಷಕ್ಕೊಮ್ಮೆ ಅದನ್ನು ಪಿಂಗ್ ಮಾಡುತ್ತದೆ, ಅಂದರೆ ಇದ್ದೀಯಾ ಅಂತ ಕೇಳುತ್ತದೆ. ಒಂದು ಗಂಟೆ ಉತ್ತರ ಬರದಿದ್ದರೆ ತಾನೇ ಅಚ್ಚುಕಟ್ಟಾಗಿ ಶಟ್‌ಡೌನ್. ನಾಲ್ಕು ಸಾಲಿನ ಸ್ಕ್ರಿಪ್ಟ್. ನನಗೆ ಬಹಳ ಹೆಮ್ಮೆಯ ನಾಲ್ಕು ಸಾಲು.

ಈಗ ಅಪ್‌ಗ್ರೇಡ್. ಸರ್ವರನ್ನು ನಡೆಸುವ ಡೆಬಿಯನ್ ಅನ್ನುವ ಉಚಿತ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ 12ರಿಂದ 13ಕ್ಕೆ. 13 ಬಂದದ್ದು 2025ರ ಆಗಸ್ಟ್‌ನಲ್ಲಿ, ನಾನು ಈಗ ಹಾಕುತ್ತಿದ್ದೇನೆ. ಸರ್ವರ್ ವಿಷಯದಲ್ಲಿ ಸೋಮಾರಿತನ ಒಳ್ಳೆಯದು. ಅಕ್ಷರಗಳು ಹೀಗೆ ಓಡುತ್ತಿರುವಾಗ ನೋಡುತ್ತಾ ಕೂರುವುದು ನನಗೆ ಇಷ್ಟ. ಮನೆಯವರಿಗೆ ಇದು ಅರ್ಥವಾಗುವುದಿಲ್ಲ.

ಸ್ವಾವಲಂಬನೆ, ಸ್ವಾವಲಂಬನೆ ಅಂತ ಈ ಚಾನೆಲ್‌ನಲ್ಲಿ ಬಾಯಿ ತುಂಬಾ ಹೇಳುತ್ತೇನೆ. ಆದರೆ ಈ ಓಡುತ್ತಿರುವ ಸಾಲುಗಳಲ್ಲಿ ನಾನು ಬರೆದದ್ದು ಒಂದೂ ಇಲ್ಲ. ಸ್ಟಾಲ್‌ಮನ್ ಅನ್ನುವ ಅಮೆರಿಕದ ಪ್ರೋಗ್ರಾಮರ್ 1983ರಲ್ಲಿ ಗ್ನೂ ಅನ್ನುವ ಮುಕ್ತ ಆಪರೇಟಿಂಗ್ ಸಿಸ್ಟಮ್ ಶುರು ಮಾಡುತ್ತೇನೆ ಅಂದಾಗ ಅದರ ತಿರುಳಾದ ಕರ್ನಲ್ಲೇ ಇರಲಿಲ್ಲ. ಫಿನ್‌ಲ್ಯಾಂಡ್‌ನ ಒಬ್ಬ ಕಾಲೇಜು ಹುಡುಗ 1991ರಲ್ಲಿ ಅದನ್ನು ಕೊಟ್ಟ, ಅದೇ ಲಿನಕ್ಸ್. ಡೆಬಿಯನ್ 1993ರಿಂದ ನಡೆಯುತ್ತಿದೆ, ಮಾಡುವವರೆಲ್ಲ ಸ್ವಯಂಸೇವಕರು. ಡೆಬಿಯನ್ ಮೇಲೇ ಕಟ್ಟಿದ ಉಬುಂಟುವಿನವರು ಒಂದು ಕಾಲದಲ್ಲಿ ಕೇಳಿದವರಿಗೆಲ್ಲ ಸಿಡಿಯನ್ನು ಪೋಸ್ಟಿನಲ್ಲಿ ಕಳಿಸುತ್ತಿದ್ದರು, ಒಂದು ಪೈಸೆ ತೆಗೆದುಕೊಳ್ಳದೆ. ನಮ್ಮ ಪೋಸ್ಟ್‌ಮನ್ ಲಕೋಟೆ ತಿರುಗಿಸಿ ತಿರುಗಿಸಿ ನೋಡಿ, ಮದುವೆ ಸಿಡಿಯಾ ಅಂತ ಕೇಳಿದ್ದರು. ಇಷ್ಟು ಜನರ ಹೆಗಲ ಮೇಲೆ ಕೂತುಕೊಂಡು ನಾನು ಸ್ವಾವಲಂಬಿ! ಆದರೆ ಒಂದು ವ್ಯತ್ಯಾಸ ಇದೆ. ಕೆಟ್ಟರೆ ಬಿಚ್ಚಿ ನೋಡಬಹುದು. "ಬರಲ್ಲ" ಅಂತ ಯಾರೂ ಹೇಳುವುದಿಲ್ಲ.

ಹೇಳುವುದೇ ಇಲ್ಲ ಅಂದೆನಾ? ನೋಡಿ, ಈ ಬಿಳಿ ನೆಟ್‌ಬುಕ್, ಹಳೇ ಥರದ 32 ಬಿಟ್ ಪ್ರೊಸೆಸರಿನದು. ಡೆಬಿಯನ್ 13 ಇದಕ್ಕೆ ಇನ್‌ಸ್ಟಾಲರ್ ಕೊಡುವುದಿಲ್ಲ. ಬೇಜಾರಾಯಿತು. ಆದರೆ ಇಷ್ಟು ವರ್ಷ ಓಡಿಸಿದರಲ್ಲ, ಸಾಕು ಬಿಡಿ. ಇನ್ನೊಂದು ಕಿರಿಕಿರಿ: ತಾತ್ಕಾಲಿಕ ಫೈಲುಗಳ ಟೆಂಪ್ ಫೋಲ್ಡರ್ ಈಗ ರ‍್ಯಾಮ್‌ನಲ್ಲಿ ಕೂರುತ್ತದೆ, ಅರ್ಧ ರ‍್ಯಾಮ್ ತನಕ ತಿನ್ನಬಹುದು. ನನ್ನ ಬಳಿ ಇರುವುದೇ 4 ಜಿಬಿ. ಒಂದು ಕಮಾಂಡ್‌ನಲ್ಲಿ ಆಫ್ ಮಾಡಿದೆ, ಸ್ಕ್ರೀನ್ ಮೇಲೆ ಇದೆ. ರಾಸ್ಪ್‌ಬೆರಿ ಪೈ ಅನ್ನುವ ಅಂಗೈಯಗಲದ ಕಂಪ್ಯೂಟರ್ ತೆಗೆದುಕೊಳ್ಳಿ ಅಂತ ಮುಂಚೆ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ. ಅದರ ರೇಟಿಗೆ, ಜೊತೆಗೆ ಚಾರ್ಜರ್, ಡಬ್ಬಿ, ಕಾರ್ಡ್ ಎಲ್ಲ ಸೇರಿಸಿದರೆ ಹಳೇ ಆಫೀಸ್ ಪಿಸಿಯೇ ವಾಸಿ.

ಹೊರಗಿನಿಂದ ಮನೆ ಸರ್ವರ್ ತಲುಪುವುದು ಹೇಗೆ ಅಂತ ಬಹಳ ಜನ ಕೇಳಿದ್ದೀರಿ. ನಮ್ಮ ಇಂಟರ್ನೆಟ್‌ನವರು ಎಷ್ಟೋ ಮನೆಗಳನ್ನು ಒಂದೇ ಐಪಿ ವಿಳಾಸದ ಹಿಂದೆ ನಿಲ್ಲಿಸಿದ್ದಾರೆ. ಹೊರಗಿನಿಂದ ಬಾಗಿಲು ತಟ್ಟಿದರೆ ಯಾವ ಮನೆಗೆ ಅಂತ ಗೊತ್ತಾಗುವುದಿಲ್ಲ. ಸ್ವಂತ ವಿಳಾಸ ಬೇಕಾದರೆ ತಿಂಗಳು ತಿಂಗಳು ಬೇರೆ ದುಡ್ಡು. ನಾನು ಸಣ್ಣ ಬಾಡಿಗೆ ಸರ್ವರ್ ಮೂಲಕ ವೈರ್‌ಗಾರ್ಡ್ ಅನ್ನುವ ಗುಪ್ತ ಸುರಂಗ ಹಾಕಿಕೊಂಡಿದ್ದೇನೆ. ಮೈಸೂರಲ್ಲಿ ಕೂತು ಇದರ ಬಗ್ಗೆ ಗೊಣಗುವಾಗ ನನಗೆ ಎಂ.ವಿ. ಗೋಪಾಲಸ್ವಾಮಿ ನೆನಪಾಗುತ್ತಾರೆ. ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಹೇಳಿಕೊಡುತ್ತಿದ್ದ ಮೇಷ್ಟ್ರು. 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದರು, ಆಕಾಶವಾಣಿ ಅಂತ. ಟ್ರಾನ್ಸ್‌ಮಿಟರ್ 30 ವಾಟ್. ನನ್ನ ಮೇಜಿನ ಲೆಕ್ಕಕ್ಕೆ ಹತ್ತಿರ! ಅವರು ಊರಿಗೆಲ್ಲ ಸಂಗೀತ ಕೇಳಿಸಿದರು, ನಾನು ಮಂಡ್ಯದ ಅಕ್ಕನಿಗೆ ಒಂದು ಫೋಟೋ ತೋರಿಸಲು ಒದ್ದಾಡುತ್ತಿದ್ದೇನೆ.

ಅಕ್ಕ ಅಂದಾಗ ಬ್ಯಾಕಪ್ ವಿಷಯ. ಒಂದು ಹಾರ್ಡ್ ಡಿಸ್ಕ್ ಅವಳ ಮನೆಯ ಬೀರುವಿನಲ್ಲಿ ಇರುತ್ತದೆ, ಪೂರ್ತಿ ಎನ್‌ಕ್ರಿಪ್ಟ್ ಮಾಡಿದ್ದು. ಹೋದಾಗ ಬದಲಾಯಿಸಿಕೊಂಡು ಬರುತ್ತೇನೆ. ಅದಕ್ಕಿಂತ ಜಾಸ್ತಿ ಹೇಳುವುದೇನಿಲ್ಲ.

ಸರಿ, ಮಾವನ ಫೈಲುಗಳು. ಮಾವ ಮಂಡ್ಯದ ಕಡೆಯ ಮೇಷ್ಟ್ರು. ವಿಶ್ವೇಶ್ವರಯ್ಯ ನಾಲೆ ಬಂದ ಮೇಲೆ ರಾಗಿ ಹೊಲ ಕಬ್ಬಿನ ಗದ್ದೆ ಆದದ್ದನ್ನು ಅವರ ಅಪ್ಪನ ಬಾಯಲ್ಲಿ ಕೇಳಿ, ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿ ಇಟ್ಟಿದ್ದರು. ವಿಂಡೋಸ್ 98 ಕಾಲದ್ದು. ಈಗ ತೆರೆದರೆ, ನೋಡಿ, ಇಂಗ್ಲಿಷ್ ಅಕ್ಷರ, ಪೌಂಡ್ ಗುರುತು, ತಲೆ ಮೇಲೆ ಗೀಟು. ಫೈಲ್ ಕೆಟ್ಟಿಲ್ಲ. ಆಗ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸುತ್ತಿದ್ದರು. ಪೌಂಡ್ ಗುರುತಿನ ಜಾಗದಲ್ಲಿ ನಕಾರ. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಇದು. ಹಾಗೆ ಮಾಡಿದವರನ್ನು ಬೈಯಬೇಡಿ. ಪ್ರತಿ ಲಿಪಿಯ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಕೊಡುವ ಯೂನಿಕೋಡ್ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಇಟ್ಟಿತ್ತು, ಆದರೆ ವಿಂಡೋಸ್‌ನಲ್ಲಿ ತುಂಗಾ ಫಾಂಟ್ ಸಮೇತ ಅದು ಬಂದದ್ದು 2001ರ ಎಕ್ಸ್‌ಪಿ ಹೊತ್ತಿಗೆ. ಅಲ್ಲಿಯ ತನಕ ಮಾವ ಕಾಯುತ್ತಾ ಕೂರಬೇಕಿತ್ತಾ?

ಈ ಫೈಲುಗಳನ್ನು ಯೂನಿಕೋಡಿಗೆ ತಿರುಗಿಸಲು ಪೈಥಾನ್ ಸ್ಕ್ರಿಪ್ಟ್ ಬರೆದಿದ್ದೇನೆ. ಮುಕ್ಕಾಲು ಭಾಗ ಸುಲಭ, ಇದರ ಬದಲು ಅದು. ಕಾಡುವುದು ಅರ್ಕಾವತ್ತು. 'ಕರ್ನಾಟಕ' ಬರೆಯಿರಿ. ಅರ್ಕಾವತ್ತು ಕಣ್ಣಿಗೆ ಕಾಣುವುದು 'ನಾ' ಆದ ಮೇಲೆ. ಹಳೇ ಫೈಲ್ ಕಣ್ಣಿಗೆ ಕಂಡ ಹಾಗೇ ಇಡುತ್ತದೆ. ಯೂನಿಕೋಡ್ ಬಾಯಲ್ಲಿ ಬಂದ ಹಾಗೆ ಇಡುತ್ತದೆ, ಮೊದಲು ರಕಾರ. ಹಾಗಾಗಿ ಸ್ಕ್ರಿಪ್ಟ್ ಅರ್ಕಾವತ್ತು ಕಂಡ ಕೂಡಲೇ ಹಿಂದಕ್ಕೆ ನಡೆದು, ಒತ್ತಕ್ಷರ, ಕೊಂಬು, ಗುಣಿತ ಎಲ್ಲ ದಾಟಿ, ಆ ಅಕ್ಷರದ ತಲೆಯ ಮುಂದೆ ರಕಾರ ಕೂರಿಸಬೇಕು. 'ವರ್ಷ', 'ಸೂರ್ಯ' ಸರಿ ಬಂದವು. 'ರ‍್ಯಾಲಿ' ಕೈ ಕೊಟ್ಟಿತು. ಅಲ್ಲಿ ರಕಾರ ಪೂರ್ತಿ ನಿಂತು ಯಕಾರ ಕೆಳಗೆ ಹೋಗಬೇಕು, ಅದಕ್ಕೆ ಮಧ್ಯೆ ಕಣ್ಣಿಗೆ ಕಾಣದ ಒಂದು ಅಕ್ಷರ ಬೇಕು. ಮಾವನ ಫೈಲಿನಲ್ಲಿ ರೈತರ ರ‍್ಯಾಲಿಗಳು ಬೇಕಾದಷ್ಟಿವೆ.

ಸ್ಕ್ರಿಪ್ಟ್ ಕೊಂಡಿ ಕೆಳಗಿದೆ, ಲೈಸೆನ್ಸ್ ಜಿಪಿಎಲ್, ಅಂದರೆ ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದು. ನಿಮ್ಮ ಮನೆಯಲ್ಲೂ ಇಂಥ ಹಳೇ ನುಡಿ ಫೈಲ್ ಇದ್ದರೆ ಓಡಿಸಿ ನೋಡಿ. ಇಡೀ ಫೈಲ್ ಕಳಿಸಬೇಡಿ, ಮನೆ ವಿಷಯ ಇರುತ್ತದೆ. ತಪ್ಪಾಗಿ ಬಂದ ಪದ, ಅದರ ಹಳೇ ರೂಪ, ಎರಡನ್ನು ಮಾತ್ರ ಕಾಮೆಂಟಿನಲ್ಲಿ ಹಾಕಿ. ಒತ್ತಕ್ಷರದ ಮೇಲೆ ಅರ್ಕಾವತ್ತು ಬರುವ ಪದ ಸಿಕ್ಕರೆ ಅದನ್ನು ಮೊದಲು ಹಾಕಿ.