ವಾಪಸ್ ಬಂದ ವಿಮಾನಕ್ಕೆ ಬೈಯಬೇಡಿ

ನಮಸ್ಕಾರ. ನೇಪಾಳದ ಪೋಖರಾದಿಂದ ಜೋಮ್‌ಸೋಮ್‌ಗೆ ವಿಮಾನದಲ್ಲಿ ಸುಮಾರು 20 ನಿಮಿಷದ ದಾರಿ. ನಾನು, ಅಮ್ಮ, ನಮ್ಮ ಯಾತ್ರೆಯ ಗುಂಪಿನವರು ಕೂತಿದ್ದ ವಿಮಾನ ಅರ್ಧ ದಾರಿ ದಾಟುತ್ತಿದ್ದ ಹಾಗೆ ತಿರುಗಿಕೊಂಡಿತು. ಅಮ್ಮನ ಕಿಟಕಿಯಲ್ಲಿದ್ದ ಬೆಟ್ಟ ಇದ್ದಕ್ಕಿದ್ದಂತೆ ಆ ಕಡೆಯ ಕಿಟಕಿಗೆ ಹೋಯಿತು. ಎಂಜಿನ್ ಸದ್ದಿನಲ್ಲಿ ಯಾರು ಏನು ಹೇಳಿದರೂ ಕೇಳಿಸಲಿಲ್ಲ. ಇಳಿದು ನೋಡಿದರೆ ಮತ್ತೆ ಅದೇ ಪೋಖರಾ.

ಕೌಂಟರ್ ಹತ್ತಿರ ದೊಡ್ಡ ಜಗಳ ಆಯಿತು. ನಮ್ಮ ಗುಂಪಿನ ಒಬ್ಬರು ಟೇಬಲ್ ಗುದ್ದಿದರು. "ದುಡ್ಡು ಕೊಟ್ಟಿಲ್ವೇನ್ರೀ ನಾವು? ಅಷ್ಟು ದೂರ ಕರ್ಕೊಂಡು ಹೋಗಿ ವಾಪಸ್ ತಂದು ಬಿಡೋದಾ?" ಅಂತ ಕೂಗಿದರು. ಇನ್ನೊಬ್ಬರು, "ನಮಗಿಂತ ಮುಂಚೆ ಹೋದ ವಿಮಾನ ಇಳಿದಿದೆಯಂತೆ, ನಮ್ಮ ಪೈಲಟ್‌ಗೇ ಧೈರ್ಯ ಇಲ್ಲ" ಅಂದರು. ನಾನೂ ಅವರ ಪಕ್ಕ ನಿಂತು ದನಿ ಏರಿಸಿದೆ. ಪೈಲಟ್ ಅಲ್ಲೇ ಸ್ವಲ್ಪ ದೂರದಲ್ಲಿ ನಿಂತಿದ್ದ. ಎಲ್ಲ ಕೇಳಿಸಿಕೊಳ್ಳುತ್ತಿದ್ದ. ಏನೂ ಹೇಳಲಿಲ್ಲ.

ಊರಿಗೆ ಬಂದ ಮೇಲೆ ಆ ದಾರಿಯ ಬಗ್ಗೆ ಓದಲು ಕೂತೆ. ಓದಿದಷ್ಟೂ ಆ ಪೈಲಟ್ ಮುಖ ಕಣ್ಣ ಮುಂದೆ ಬರುತ್ತಿತ್ತು. ಅವತ್ತು ನಾವು ಬೈದದ್ದು ತಪ್ಪು. ಬರೀ ಮರ್ಯಾದೆಯ ಮಾತಲ್ಲ ಇದು, ಆ ಬೈಗುಳವೇ ಅಪಾಯಕಾರಿ ಅಂತ ನನಗೆ ಈಗ ಅನ್ನಿಸುತ್ತದೆ. ಯಾಕೆ ಅಂತ ಹೇಳುತ್ತೇನೆ.

ಮೊದಲು, ನಮ್ಮವರು ಅಲ್ಲಿಗೆ ಯಾಕೆ ಹೋಗುತ್ತಾರೆ? ಮುಕ್ತಿನಾಥಕ್ಕೆ. ಅಲ್ಲಿಯ ಗಂಡಕಿ ನದಿಯ ಸಾಲಿಗ್ರಾಮ ನಮ್ಮ ಎಷ್ಟೋ ಮನೆಗಳ ದೇವರ ಕೋಣೆಯಲ್ಲಿದೆ, ಮಠಗಳಲ್ಲಿದೆ. ಶ್ರೀವೈಷ್ಣವರಿಗೆ ಮುಕ್ತಿನಾಥ 108 ದಿವ್ಯದೇಶಗಳಲ್ಲಿ, ಅಂದರೆ ವಿಷ್ಣುವಿನ ಪವಿತ್ರ ಕ್ಷೇತ್ರಗಳಲ್ಲಿ, ಒಂದು. ದೇವಸ್ಥಾನ ಇರುವುದು 3,700 ಮೀಟರ್ ಎತ್ತರದಲ್ಲಿ. ಅದಕ್ಕೆ ಹತ್ತಿರದ ವಿಮಾನ ನಿಲ್ದಾಣ ಜೋಮ್‌ಸೋಮ್, ಅದೂ 2,700 ಮೀಟರ್ ಮೇಲಿದೆ. ನಮ್ಮ ಬೆಂಗಳೂರಿನ ನಿಲ್ದಾಣ 915 ಮೀಟರ್. ಅಂದರೆ ಬೆಂಗಳೂರಿನ ಮೂರು ಪಟ್ಟು ಎತ್ತರ.

ಎತ್ತರ ಹೋದ ಹಾಗೆ ಗಾಳಿ ತೆಳ್ಳಗಾಗುತ್ತದೆ. ಜೋಮ್‌ಸೋಮ್‌ನಷ್ಟು ಎತ್ತರದಲ್ಲಿ ಸಮುದ್ರ ಮಟ್ಟಕ್ಕಿಂತ ಸುಮಾರು ಕಾಲು ಭಾಗ ಕಡಿಮೆ ಗಾಳಿ. ನಮಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ ಅಲ್ವಾ, ವಿಮಾನಕ್ಕೂ ಹಾಗೇ. ರೆಕ್ಕೆಗೆ ಆನಿಕೊಳ್ಳಲು ಗಾಳಿ ಕಡಿಮೆ, ಪ್ರೊಪೆಲ್ಲರ್‌ಗೆ ತಳ್ಳಲು ಗಾಳಿ ಕಡಿಮೆ, ಎಂಜಿನ್‌ಗೆ ಉಸಿರಾಡಲೂ ಗಾಳಿ ಕಡಿಮೆ. ಹಾಗಾಗಿ ವಿಮಾನ ಜಾಸ್ತಿ ವೇಗದಲ್ಲಿ ಇರಲೇಬೇಕು. ಪೈಲಟ್ ಮುಂದಿನ ಮೀಟರ್‌ನಲ್ಲಿ 70 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್) ತೋರಿಸುತ್ತಿದ್ದರೆ, ನಿಜವಾದ ವೇಗ 80 ದಾಟಿರುತ್ತದೆ. ಬಿಸಿಲು ಏರಿದರೆ ಗಾಳಿ ಇನ್ನೂ ತೆಳು, ವೇಗ ಇನ್ನೂ ಜಾಸ್ತಿ.

ಸಮತಟ್ಟಾದ ಊರಲ್ಲಾದರೆ ಇದಕ್ಕೆ ಉದ್ದ ರನ್‌ವೇ ಸಾಕು. ಕಣಿವೆಯಲ್ಲಿ ಇನ್ನೊಂದು ಕಷ್ಟ ಇದೆ. ವೇಗ ಹೆಚ್ಚಾದರೆ ತಿರುಗಲು ಬೇಕಾದ ಜಾಗವೂ ಹೆಚ್ಚಾಗುತ್ತದೆ. ಆ ದಾರಿಯಲ್ಲಿ ವಿಮಾನಗಳು 12,000 ಅಡಿ ಆಸುಪಾಸಿನಲ್ಲಿ ಹಾರುತ್ತವೆ ಅಂದುಕೊಳ್ಳಿ. ಕೆಳಗೆ ಸಮುದ್ರದ ಹತ್ತಿರ ತೆಗೆದುಕೊಳ್ಳುವ ತಿರುವಿಗೆ ಅಲ್ಲಿ ಸುಮಾರು 40 ಪರ್ಸೆಂಟ್ ಹೆಚ್ಚು ಜಾಗ ಬೇಕು. ಆದರೆ ಕಣಿವೆ ಮುಂದೆ ಹೋದಷ್ಟೂ ಕಿರಿದಾಗುತ್ತದೆ. ಒಂದು ಕಡೆ ಧೌಲಾಗಿರಿ, 8,167 ಮೀಟರ್. ಇನ್ನೊಂದು ಕಡೆ ಅನ್ನಪೂರ್ಣ, 8,091 ಮೀಟರ್. ನಡುವೆ ಕಾಳಿ ಗಂಡಕಿ ನದಿ. ಬೆಟ್ಟದ ಪೈಲಟ್‌ಗಳು ಕಣಿವೆಯ ನಡುಮಧ್ಯ ಹಾರದೆ ಒಂದು ಪಕ್ಕಕ್ಕೆ ಒತ್ತಿ ಹಾರುವುದು ಇದೇ ಕಾರಣಕ್ಕೆ. ತಿರುಗಬೇಕಾಗಿ ಬಂದರೆ ಪೂರ್ತಿ ಅಗಲ ಸಿಗಬೇಕು. ಆ ಅಗಲ ಇರುವಾಗಲೇ ತಿರುಗಬೇಕು. ಒಂದು ಜಾಗ ದಾಟಿದ ಮೇಲೆ ತಿರುಗುವ ಮಾತೇ ಇಲ್ಲ.

ಈಗ ಮತ್ತೆ ನಮ್ಮ ವಿಮಾನಕ್ಕೆ ಬನ್ನಿ. "ಅಷ್ಟು ದೂರ ಹೋಗಿ ಯಾಕೆ ವಾಪಸ್ ಬಂದ?" ಅಂತ ಕೇಳಿದೆವಲ್ಲ. ಅಷ್ಟು ದೂರ ಹೋದಾಗ ಮುಂದೆ ಮೋಡ ಕಂಡಿತು. ತಿರುಗಲು ಜಾಗ ಇನ್ನೂ ಇತ್ತು. ಅದಕ್ಕೇ ತಿರುಗಿದ.

ಮುಂಚಿನ ವಿಮಾನ ಇಳಿದಿದ್ದಕ್ಕೂ ನಮ್ಮದಕ್ಕೂ ಸಂಬಂಧ ಇಲ್ಲ. ಆ ಬೆಟ್ಟಗಳಲ್ಲಿ ಕಾಲು ಗಂಟೆಯಲ್ಲಿ ಆಕಾಶ ಬದಲಾಗುತ್ತದೆ. ಬೆಳಗ್ಗೆ ತಣ್ಣಗಿರುವ ಕಾಳಿ ಗಂಡಕಿ ಕಣಿವೆಯಲ್ಲಿ, ಬಿಸಿಲು ಏರಿ ಕಣಿವೆಯ ಮೇಲ್ತುದಿಯ ಮುಸ್ತಾಂಗ್ ಕಡೆಯ ನೆಲ ಕಾದ ಮೇಲೆ, ಕೆಳಗಿನ ಗಾಳಿಯೆಲ್ಲ ಮೇಲಕ್ಕೆ ನುಗ್ಗುತ್ತದೆ. ಹತ್ತು, ಹನ್ನೊಂದು ಗಂಟೆಯ ಹೊತ್ತಿಗೆ ಜೋಮ್‌ಸೋಮ್‌ನಲ್ಲಿ ನಿಂತರೆ ಮುಖಕ್ಕೆ ಮರಳು ಹೊಡೆಯುತ್ತದೆ. ಅದಕ್ಕೇ ಅಲ್ಲಿ ವಿಮಾನ ಅಂದರೆ ಬೆಳಗಿನ ಮಾತು. ಬೆಳಗ್ಗೆ ಮೋಡ ಕವಿದಿದ್ದರೆ ಅವತ್ತಿನ ದಿನ ಮುಗಿದ ಹಾಗೇ.

ನೇಪಾಳದ ಪೈಲಟ್‌ಗಳಲ್ಲಿ ಒಂದು ಮಾತಿದೆ: ನಮ್ಮ ಮೋಡಗಳ ಒಳಗೆ ಬಂಡೆ ಇರುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಇದೇ ಪೋಖರಾ–ಜೋಮ್‌ಸೋಮ್ ದಾರಿಯಲ್ಲಿ 2016ರ ಫೆಬ್ರವರಿ 24ರಂದು ಟ್ವಿನ್ ಆಟರ್ ಅನ್ನುವ ಒಂದು ಚಿಕ್ಕ ವಿಮಾನ ಬೆಟ್ಟಕ್ಕೆ ಬಡಿದು 23 ಜನ ಸತ್ತರು. ಹವಾಮಾನ ಚೆನ್ನಾಗಿಲ್ಲದಿದ್ದರೂ ಪೈಲಟ್‌ಗಳು ಮತ್ತೆ ಮತ್ತೆ ಮೋಡದೊಳಗೆ ಹೋದದ್ದೇ ಕಾರಣ ಅಂತ ತನಿಖೆಯಲ್ಲಿ ಬಂತು. 2022ರ ಮೇ 29, ಅದೇ ದಾರಿ, ಅದೇ ಮಾದರಿಯ ವಿಮಾನ, 22 ಜನ. ಅದರಲ್ಲಿ ನಾಲ್ವರು ಭಾರತದವರು. ಮತ್ತೆ ಮೋಡ, ಮತ್ತೆ ಬೆಟ್ಟ. ಬೆಟ್ಟ ಹತ್ತಿರ ಬಂದರೆ ಕೂಗಿ ಎಚ್ಚರಿಸುವ ಯಂತ್ರ ಆ ವಿಮಾನದಲ್ಲಿ ಇತ್ತು. ಅದನ್ನು ಆಫ್ ಮಾಡಿದ್ದರು. ಇಕ್ಕಟ್ಟಾದ ಕಣಿವೆಯಲ್ಲಿ ಆ ಯಂತ್ರ ಸುಮ್ನೆ ಸುಮ್ನೆ ಕೂಗುತ್ತದೆ, ಕೇಳಿ ಕೇಳಿ ಬೇಸತ್ತು ಅದರ ಬಾಯಿ ಮುಚ್ಚಿಸುವ ಅಭ್ಯಾಸ ಬೆಳೆಯುತ್ತದೆ. ನಿಜವಾಗಿ ಕೂಗಬೇಕಾದ ದಿನ ಅದು ಕೂಗಲಿಲ್ಲ. ಇದನ್ನು ಓದಿ ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ನೇಪಾಳದ ಇನ್ನೊಂದು ಬೆಟ್ಟದ ನಿಲ್ದಾಣ ಲುಕ್ಲಾ ಬಗ್ಗೆ ಹೇಳದೆ ಈ ಮಾತು ಪೂರ್ತಿ ಆಗುವುದಿಲ್ಲ. ಎವರೆಸ್ಟ್ ಕಡೆ ನಡೆಯಲು ಹೋಗುವ ಟ್ರೆಕ್ಕಿಂಗ್ ಗುಂಪುಗಳು ಈಗ ನಮ್ಮಲ್ಲೂ ಜಾಸ್ತಿ ಆಗಿವೆ. ಆ ರನ್‌ವೇಯನ್ನು 1964ರಲ್ಲಿ ಎಡ್ಮಂಡ್ ಹಿಲರಿ ಕಟ್ಟಿಸಿದ್ದು. ನೆಲ ಗಟ್ಟಿಯಾಗಲಿ ಅಂತ ಊರಿನ ಶೆರ್ಪಾಗಳು ಸಾಲಾಗಿ ನಿಂತು ಕಾಲಿನಿಂದ ತುಳಿದು ಕುಣಿದರಂತೆ. ಡಾಂಬರು ಬಿದ್ದಿದ್ದು 2001ರಲ್ಲಿ. ಉದ್ದ 527 ಮೀಟರ್. ಬೆಂಗಳೂರಿನ ರನ್‌ವೇ 4 ಕಿಲೋಮೀಟರ್. ಇಳಿಜಾರು 11.7 ಪರ್ಸೆಂಟ್, ಅಂದರೆ ಈ ತುದಿಗಿಂತ ಆ ತುದಿ 60 ಮೀಟರ್ ಎತ್ತರ, ಹೆಚ್ಚುಕಡಿಮೆ ಇಪ್ಪತ್ತು ಮಹಡಿ ಕಟ್ಟಡದಷ್ಟು. ಇಳಿಯುವಾಗ ಏರಿನಲ್ಲಿ ಇಳಿಯಬೇಕು, ಆ ಏರೇ ಬ್ರೇಕ್. ಹಾರುವಾಗ ಇಳುಕಲಲ್ಲಿ ಓಡಬೇಕು, ಕೊನೆಗೆ ಕಣಿವೆ. ಮೇಲ್ತುದಿಯಲ್ಲಿ ಗೋಡೆ, ಗೋಡೆಯ ಹಿಂದೆ ಬೆಟ್ಟ. ಇಳಿಯಲು ಹತ್ತಿರ ಬಂದ ಮೇಲೆ "ಬೇಡ, ಇನ್ನೊಂದು ಸುತ್ತು ಹಾಕಿ ಬರೋಣ" ಅನ್ನಲು ಆಗುವುದಿಲ್ಲ. 2008ರ ಅಕ್ಟೋಬರ್ 8ರಂದು ಅಂಥ ಹೊತ್ತಲ್ಲೇ ಮಂಜು ಕವಿಯಿತು. ರನ್‌ವೇ ಮುಟ್ಟುವ ಮುಂಚೆಯೇ ವಿಮಾನ ಬಿತ್ತು. 19 ಜನರಲ್ಲಿ ಉಳಿದದ್ದು ಕ್ಯಾಪ್ಟನ್ ಒಬ್ಬರೇ.

ಇದನ್ನು ಹೇಳಿದಾಗ ಸ್ನೇಹಿತರೊಬ್ಬರು ಧೈರ್ಯದ ಕಥೆ ತೆಗೆದರು. ನಮ್ಮ ಕೊಡಗಿನ ತಿಮ್ಮಯ್ಯನವರ ಕಥೆ. 1948ರ ಮೇ 24. ಲೇಹ್ ಶತ್ರುಗಳ ಕೈಗೆ ಬೀಳುವ ಹಾಗಿತ್ತು. ಏರ್ ಕಮೋಡೋರ್ ಮೆಹರ್ ಸಿಂಗ್ ಒಂದು ಡಕೋಟಾ ವಿಮಾನ ತೆಗೆದುಕೊಂಡು, ಜನರಲ್ ತಿಮ್ಮಯ್ಯನವರನ್ನು ಕೂರಿಸಿಕೊಂಡು, ಹಿಮಾಲಯ ದಾಟಿ, ಸಿಂಧೂ ನದಿಯ ಹತ್ತಿರದ ಮರಳು ನೆಲದಲ್ಲಿ ಇಳಿದರು. 10,000 ಅಡಿಗೂ ಎತ್ತರ. ಅದಕ್ಕಿಂತ ಮುಂಚೆ ಅಲ್ಲಿ ಯಾರೂ ವಿಮಾನ ಇಳಿಸಿರಲಿಲ್ಲ. ಆ ಕಥೆ ಕೇಳಿದಾಗ ನನಗೆ ಈಗಲೂ ಮೈ ಝುಂ ಅನ್ನುತ್ತದೆ. ಆದರೆ ಅವತ್ತು ಹೋಗದಿದ್ದರೆ ಲೇಹ್ ಉಳಿಯುತ್ತಿರಲಿಲ್ಲವೇನೋ. ನಾವು ಅವತ್ತು ಹೋಗದಿದ್ದರೆ ಏನಾಗುತ್ತಿತ್ತು? ಮುಕ್ತಿನಾಥ ನಾಳೆಯೂ ಅಲ್ಲೇ ಇರುತ್ತಾನೆ.

ನಮಗೆ ನಾಳೆ ಇರಲಿಲ್ಲ, ಸಮಸ್ಯೆ ಅದೇ. ನಮ್ಮ ಪ್ಯಾಕೇಜ್‌ನಲ್ಲಿ ಪ್ರತಿ ದಿನವೂ ತುಂಬಿತ್ತು. ಒಂದು ದಿನ ತಪ್ಪಿದರೆ ಹೋಟೆಲ್ ತಪ್ಪುತ್ತದೆ, ಕಾಠ್ಮಂಡು ತಪ್ಪುತ್ತದೆ, ಬೆಂಗಳೂರಿನ ಟಿಕೆಟ್ ತಪ್ಪುತ್ತದೆ. ಆ ಒತ್ತಡ ಎಲ್ಲಿಗೆ ಹೋಗುತ್ತದೆ? ಮೊದಲು ಕೌಂಟರ್‌ಗೆ, ಅಲ್ಲಿಂದ ಕಂಪನಿಗೆ, ಕೊನೆಗೆ ಕಾಕ್‌ಪಿಟ್‌ನಲ್ಲಿ ಕೂತ ಇಬ್ಬರ ತಲೆ ಮೇಲೆ. ಇವತ್ತು ತಿರುಗಿ ಬಂದು ಬೈಗುಳ ತಿಂದವನು ನಾಳೆ ಅದೇ ಮೋಡ ಕಂಡಾಗ "ಇನ್ನೊಂದು ನಿಮಿಷ ನೋಡೋಣ" ಅಂದುಕೊಂಡರೆ? ಆ ಒಂದು ನಿಮಿಷಕ್ಕೆ ವಿಮಾನ ಎರಡು ಕಿಲೋಮೀಟರ್‌ಗೂ ಹೆಚ್ಚು ಮುಂದೆ ಹೋಗಿರುತ್ತದೆ. ತಿರುಗುವ ಜಾಗ ಹಿಂದೆ ಉಳಿದಿರುತ್ತದೆ.

2018ರ ಜುಲೈನಲ್ಲಿ ಕೈಲಾಸ ಯಾತ್ರೆ ಮುಗಿಸಿ ಬರುತ್ತಿದ್ದ 200ಕ್ಕೂ ಹೆಚ್ಚು ಕನ್ನಡಿಗರು ನೇಪಾಳದ ಸಿಮಿಕೋಟ್, ಹಿಲ್ಸಾ ಕಡೆ ಸಿಕ್ಕಿಹಾಕಿಕೊಂಡಿದ್ದು ನೆನಪಿದೆಯಾ? ಮಳೆ, ಮೋಡ. ಕೆಳಗಿನ ಊರಿಗೆ ರಸ್ತೆಯೂ ಇರಲಿಲ್ಲ. ಇಲ್ಲಿ ಮನೆಯವರ ಸಂಕಟ ಹೇಳತೀರದು. ಆದರೂ ಆಕಾಶ ತೆರೆಯುವವರೆಗೆ ಕಾಯಲೇಬೇಕಾಯಿತು.

ಯಾತ್ರೆ ನಡೆಸುವವರಿಗೆ ನನ್ನದೊಂದು ಮನವಿ. ಮುಕ್ತಿನಾಥ ಇರಲಿ, ಲುಕ್ಲಾ ಇರಲಿ, ಪಟ್ಟಿಯಲ್ಲಿ ಎರಡು ಖಾಲಿ ದಿನ ಇಡಿ. "ವಿಮಾನ ಹೋಗದೇ ಇರಬಹುದು" ಅಂತ ದುಡ್ಡು ತೆಗೆದುಕೊಳ್ಳುವ ಮುಂಚೆಯೇ ಬಾಯಿಬಿಟ್ಟು ಹೇಳಿ. ತಿರುಗಿ ಬಂದ ವಿಮಾನದವರಿಗೆ ದುಡ್ಡು ವಾಪಸ್ ಸಿಗುತ್ತದಾ, ಮರುದಿನ ಸೀಟು ಸಿಗುತ್ತದಾ, ಕೇಳಿ ಬರೆಸಿಕೊಳ್ಳಿ. ಅಪ್ಪ ಅಮ್ಮನನ್ನು ಕಳಿಸುವ ಮಕ್ಕಳೇ, ಎರಡು ದಿನದ ಖರ್ಚು ಹೆಚ್ಚಾದರೆ ಆಗಲಿ ಬಿಡಿ.

ಪ್ಯಾಕೇಜ್ ಪಟ್ಟಿ ತಪ್ಪಿದರೂ ನಾವು ಎರಡು ದಿನ ಕಾದೆವು. ಮೂರನೇ ಬೆಳಗ್ಗೆ ಹೋದೆವು. ದರ್ಶನ ಆಯಿತು. ವಾಪಸ್ ಬರುವ ದಿನ ಮತ್ತೆ ವಿಮಾನ ರದ್ದಾಯಿತು. ಈ ಸಲ ಯಾರೂ ಕೂಗಾಡಲಿಲ್ಲ, ಜೀಪ್ ಹತ್ತಿದೆವು. ಇಡೀ ದಿನದ ದಾರಿ. ಘಾಸಾ ಹತ್ತಿರ ಚಹಾಕ್ಕೆ ನಿಲ್ಲಿಸಿದರು. ಅಮ್ಮ ಲೋಟ ಹಿಡಿದುಕೊಂಡು ಮೇಲೆ ನೋಡಿದಳು. ಎರಡೂ ಕಡೆ ಬೆಟ್ಟ ಅರ್ಧಕ್ಕೇ ಮಾಯವಾಗಿತ್ತು, ಮೇಲೆಲ್ಲ ಬೂದು ಮೋಡ.

"ಇದರೊಳಗೇನಾ ಅವತ್ತು ನೀವೆಲ್ಲ ಹೋಗು ಅಂದದ್ದು?" ಅಂತ ಕೇಳಿದಳು.